ಸಂಧ್ಯಾಕಾಶದ ಧೂಮಕೇತು ಮತ್ತು ಚಿತ್ರದ ಪ್ರಾಮಾಣ್ಯ

ಧೂಮಕೇತು ಚೆನ್ನಾಗಿ ಬೆಳಗುವುದು ಸೂರ್ಯನ ಸಮೀಪಕ್ಕೆ ಬಂದಾಗ. ಸೂರ್ಯನ ಸಮೀಪದಲ್ಲಿರುವ ಕಾಯ ಆಕಾಶದಲ್ಲೂ ಬಹುಮಟ್ಟಿಗೆ ಸೂರ್ಯನ ಆಸುಪಾಸಿನಲ್ಲೇ ಇರುತ್ತದೆ. ಹಾಗಾಗಿ ದೊಡ್ಡ ಧೂಮಕೇತುಗಳು ತಮ್ಮ ವೈಭವದ ದಿನಗಳಲ್ಲಿ ನಡುರಾತ್ರಿಯ ಕಗ್ಗತ್ತಲಲ್ಲಿ ಸಿಗುವುದು ಅಪರೂಪ. ಸಿಗುವುದು ಸೂರ್ಯೋದಯಕ್ಕೆ ಮುಂಚೆ ಇಲ್ಲವೇ ಸೂರ್ಯಾಸ್ತದ ನಂತರ, ದಿಗಂತದ ಅಂಚಿನಲ್ಲಿ, ಬೆಳಕೂ ಕತ್ತಲೆಯೂ ಬೆರೆತ ಹೊತ್ತಿನಲ್ಲಿ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಬೆಂಗಳೂರಿನ ಮೂಡಣ ದಿಕ್ಕಿನಲ್ಲಿ ಕಾಣಿಸಿಕೊಂಡ ಸುಚಿನ್‌ಶಾನ್–ಅಟ್ಲಾಸ್ ಧೂಮಕೇತು ಹೀಗೆಯೇ ಬಂತು. ಆ ದಿನಗಳಲ್ಲಿ ಅದನ್ನು ಬರಿಗಣ್ಣಿಗಿಂತ ಚಿತ್ರಗಳಲ್ಲಿ ನೋಡಿದವರೇ ಹೆಚ್ಚು. ಆ ಚಿತ್ರಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆ ಮೇಲುನೋಟಕ್ಕೆ ಕ್ಯಾಮೆರಾಕ್ಕೆ ಸಂಬಂಧಿಸಿದ್ದು. ಒಳಹೊಕ್ಕು ನೋಡಿದರೆ ಅದು ಭಾರತೀಯ ದರ್ಶನಗಳು ಪ್ರಮಾಣವಿಚಾರದ ಹೆಸರಿನಲ್ಲಿ ಶತಮಾನಗಳ ಕಾಲ ಚರ್ಚಿಸಿದ ಪ್ರಶ್ನೆಯೇ: ಇರುವುದನ್ನು ಇರುವಂತೆ ಅರಿಯುವುದು ಯಾವಾಗ ಸಾಧ್ಯ, ಮತ್ತು ಅರಿತವನ ಮಾತನ್ನು ಅರಿಯದವನು ಯಾವ ಆಧಾರದ ಮೇಲೆ ಒಪ್ಪಬೇಕು?

ಈ ಚರ್ಚೆಗೆ ಒಳ್ಳೆಯ ಪ್ರವೇಶದ್ವಾರ ಈಶ್ವರಕೃಷ್ಣನ ಸಾಂಖ್ಯಕಾರಿಕೆಯಲ್ಲಿದೆ. ಇದ್ದರೂ ಕಾಣದಿರುವುದಕ್ಕೆ ಎಂಟು ಕಾರಣಗಳನ್ನು ಅದರ ಏಳನೆಯ ಕಾರಿಕೆ ಎಣಿಸುತ್ತದೆ. ವಸ್ತು ತೀರ ದೂರವಿರಬಹುದು, ತೀರ ಹತ್ತಿರವಿರಬಹುದು. ಇಂದ್ರಿಯಕ್ಕೆ ಊನ ಬಂದಿರಬಹುದು, ಮನಸ್ಸು ಬೇರೆಲ್ಲೋ ಇರಬಹುದು. ವಸ್ತು ಅತಿಸೂಕ್ಷ್ಮವಾಗಿರಬಹುದು, ನಡುವೆ ಏನಾದರೂ ಅಡ್ಡ ಬಂದಿರಬಹುದು. ಹೆಚ್ಚು ಬಲವಾದದ್ದು ಅದನ್ನು ಅಡಗಿಸಿರಬಹುದು, ಇಲ್ಲವೇ ಅದು ತನ್ನಂಥದ್ದೇ ಬೇರೆ ವಸ್ತುಗಳ ನಡುವೆ ಬೆರೆತುಹೋಗಿರಬಹುದು. ಅಡಗಿಸುವಿಕೆಗೆ, ಎಂದರೆ ಅಭಿಭವಕ್ಕೆ, ಭಾಷ್ಯಕಾರ ಗೌಡಪಾದರು ಕೊಡುವ ಉದಾಹರಣೆ ಆಕಾಶದ್ದೇ: ಸೂರ್ಯನ ತೇಜಸ್ಸಿಗೆ ಸೋತು ಹಗಲಿನಲ್ಲಿ ಗ್ರಹ ನಕ್ಷತ್ರಗಳು ಕಾಣುವುದಿಲ್ಲ. ಸಾಂಖ್ಯರಿಗೆ ಈ ಪಟ್ಟಿ ಬೇಕಾಗಿದ್ದುದು ಪ್ರಕೃತಿಯನ್ನು ಸಾಧಿಸಲು. ಮೂಲಪ್ರಕೃತಿ ಕಾಣದಿರುವುದು ಅದು ಇಲ್ಲವೆಂದಲ್ಲ, ಸೂಕ್ಷ್ಮವೆಂದು ಎನ್ನುವುದು ಮುಂದಿನ ಕಾರಿಕೆಯ ವಾದ. ಆ ಉದ್ದೇಶವನ್ನು ಪಕ್ಕಕ್ಕಿಟ್ಟರೂ ಪಟ್ಟಿ ತನ್ನಷ್ಟಕ್ಕೆ ಗಟ್ಟಿಯಾಗಿ ನಿಲ್ಲುತ್ತದೆ. ಸಂಧ್ಯಾಕಾಲದ ಧೂಮಕೇತುವನ್ನು ಹುಡುಕಿಕೊಂಡು ಹೋದವರಿಗೆ ಈ ಎಂಟರಲ್ಲಿ ಏಳಾದರೂ ಒಂದೇ ಬೆಳಗಿನಲ್ಲಿ ಎದುರಾಗುತ್ತವೆ.

ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿ. ಇಲ್ಲಿ ಸೂರ್ಯ ದಿಗಂತದಿಂದ ಹೆಚ್ಚುಕಡಿಮೆ ನೇರವಾಗಿ ಏರುತ್ತಾನೆ, ನೇರವಾಗಿ ಇಳಿಯುತ್ತಾನೆ. ಸೂರ್ಯ ದಿಗಂತದ 18 ಡಿಗ್ರಿ ಕೆಳಗಿರುವಾಗ ಆಕಾಶ ಇನ್ನೂ ಪೂರ್ತಿ ಕಪ್ಪು; 6 ಡಿಗ್ರಿ ಕೆಳಗೆ ಬರುವಷ್ಟರಲ್ಲಿ ಮಂದ ನಕ್ಷತ್ರಗಳೆಲ್ಲ ಮಾಯ. ಈ ಎರಡರ ನಡುವಿನ ಅವಧಿ ವಿಷುವದ ದಿನಗಳಲ್ಲಿ ಸುಮಾರು 50 ನಿಮಿಷ. ಅಷ್ಟರೊಳಗೆ ಧೂಮಕೇತು ಏರಬೇಕು. ದಿಗಂತದಿಂದ 5 ಡಿಗ್ರಿ ಎತ್ತರದಲ್ಲಿರುವಾಗ ಅದರ ಬೆಳಕು ನೆತ್ತಿಯ ಮೇಲಿನ ಬೆಳಕಿಗಿಂತ ಸುಮಾರು ಹತ್ತು ಪಟ್ಟು ಗಾಳಿಯನ್ನು ಹಾದು ಬರುತ್ತದೆ. ಧೂಳು, ಮಂಜು, ಊರಿನ ಹೊಗೆ ಎಲ್ಲವೂ ಆ ದಾರಿಯಲ್ಲಿವೆ. ಧೂಮಕೇತು ಮೇಲೇರಿದಂತೆ ಈ ಅಡ್ಡಿ ಕಡಿಮೆಯಾಗುತ್ತದೆ. ಆದರೆ ಅದೇ ನಿಮಿಷಗಳಲ್ಲಿ ಸೂರ್ಯನೂ ಏರುತ್ತಿರುವುದರಿಂದ ಅಭಿಭವ ಹೆಚ್ಚುತ್ತದೆ. ಒಂದು ಅಡ್ಡಿ ಇಳಿಯುತ್ತ, ಇನ್ನೊಂದು ಏರುತ್ತ ಇರುವಾಗ ಅವೆರಡೂ ಸಹಿಸಬಹುದಾದಷ್ಟಿರುವ ಹೊತ್ತು ಬಹಳ ಸಣ್ಣದು. ಆ ಹೊತ್ತಿನಲ್ಲಿ ಮೋಡದ ಒಂದು ಪಟ್ಟಿ ಅಡ್ಡ ಬಂದರೆ ಆ ದಿನ ಮುಗಿಯಿತು.

ಇನ್ನು ಕಣ್ಣು. ಮಂದ ಬೆಳಕನ್ನು ಹಿಡಿಯುವ ಕೋಶಗಳು ಕತ್ತಲೆಗೆ ಒಗ್ಗಲು 20ರಿಂದ 30 ನಿಮಿಷ ಬೇಕು. ನಡುವೆ ಒಮ್ಮೆ ಮೊಬೈಲ್ ಪರದೆ ನೋಡಿದರೆ ಅಷ್ಟೂ ಹಾಳು. ಮನಸ್ಸಿನ ಪಾತ್ರವೂ ಸಣ್ಣದಲ್ಲ. ಎಲ್ಲಿ ನೋಡಬೇಕೆಂದು ತಿಳಿಯದವರಿಗೆ ಕಾಣದ ಧೂಮಕೇತು, ಬೈನಾಕ್ಯುಲರ್‌ನಲ್ಲಿ ಒಮ್ಮೆ ಸಿಕ್ಕ ಮೇಲೆ ಅದೇ ಜಾಗದಲ್ಲಿ ಬರಿಗಣ್ಣಿಗೂ ಸಿಗುತ್ತದೆ. ವಸ್ತು ಬದಲಾಗಿಲ್ಲ, ಆಕಾಶ ಬದಲಾಗಿಲ್ಲ. ಚಿತ್ತ ನೆಲೆ ನಿಂತಿದೆ. ಪ್ರತ್ಯಕ್ಷವೆಂದರೆ ಕಣ್ಣು ತೆರೆದೊಡನೆ ಆಗುವ ಕೆಲಸವಲ್ಲ ಎಂಬುದನ್ನು ತಾರ್ಕಿಕರು ಗುರುತಿಸಿದ್ದರು. ನ್ಯಾಯಸೂತ್ರ ಪ್ರತ್ಯಕ್ಷಜ್ಞಾನ ತಪ್ಪದಂಥದ್ದೂ ನಿಶ್ಚಿತವಾದದ್ದೂ ಆಗಿರಬೇಕೆಂದು ಹೇಳುತ್ತದೆ. ಮಧ್ವಮತದ ಪ್ರಮಾಣಗ್ರಂಥಗಳು ಇನ್ನೂ ಬಿಗಿಯಾದ ಷರತ್ತು ಹಾಕುತ್ತವೆ: ಇಂದ್ರಿಯವೂ ನಿರ್ದೋಷವಾಗಿರಬೇಕು, ವಸ್ತುವೂ ನಿರ್ದೋಷವಾಗಿರಬೇಕು, ಅವೆರಡರ ಸಂಬಂಧ ಒದಗಬೇಕು. ಮಳಖೇಡದೊಂದಿಗೆ ಹೆಸರು ಬೆಸೆದುಕೊಂಡಿರುವ ಜಯತೀರ್ಥರ ಪ್ರಮಾಣಪದ್ಧತಿ ವಸ್ತುವಿನ ದೋಷಗಳಲ್ಲಿ ಅತಿದೂರ, ಅತಿಸೂಕ್ಷ್ಮತೆ, ಮರೆ ಮುಂತಾದವನ್ನೇ ಎಣಿಸುತ್ತದೆ. ದೂರವಿರುವುದು ವಸ್ತುವಿನ ತಪ್ಪೇನಲ್ಲ. ಅರಿವಿಗೆ ಅದು ದೋಷವಾಗಿ ಪರಿಣಮಿಸುತ್ತದೆ ಎಂಬುದಷ್ಟೇ ಅಲ್ಲಿನ ತಾತ್ಪರ್ಯ.

ಕ್ಯಾಮೆರಾ ಮಾಡುವ ಕೆಲಸವನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಅದರ ನ್ಯಾಯ ಅನ್ಯಾಯ ಸ್ಪಷ್ಟವಾಗುತ್ತದೆ. ಕಣ್ಣು ಬೆಳಕನ್ನು ಕ್ಷಣಕ್ಷಣಕ್ಕೆ ಬಿಟ್ಟುಕೊಡುತ್ತದೆ; ಕ್ಯಾಮೆರಾ ಹಲವು ಸೆಕೆಂಡುಗಳ ಬೆಳಕನ್ನು ಕೂಡಿಸಿಡುತ್ತದೆ. ಇದು ಸೂಕ್ಷ್ಮತೆಗೆ ಪರಿಹಾರ. ಭೂಮಿ ತಿರುಗುತ್ತಿರುವುದರಿಂದ ನಕ್ಷತ್ರಗಳು ಸೆಕೆಂಡಿಗೆ 15 ವಿಕಲೆಯಷ್ಟು ಸರಿಯುತ್ತವೆ. ಆದ್ದರಿಂದ ಟ್ರೈಪಾಡಿನ ಮೇಲೆ ಉದ್ದ ಲೆನ್ಸ್ ಇಟ್ಟು ಬಹಳ ಹೊತ್ತು ಎಕ್ಸ್‌ಪೋಶರ್ ಕೊಡಲಾಗದು. ಅದರ ಬದಲು ಚಿಕ್ಕ ಚಿಕ್ಕ ಎಕ್ಸ್‌ಪೋಶರ್‌ಗಳನ್ನು ತೆಗೆದು ಒಂದರ ಮೇಲೊಂದು ಕೂಡಿಸುವ ಸ್ಟ್ಯಾಕಿಂಗ್ ರೂಢಿಯಲ್ಲಿದೆ. 16 ಫ್ರೇಮ್‌ಗಳ ಸರಾಸರಿ ತೆಗೆದರೆ ಯದ್ವಾತದ್ವಾ ಚುಕ್ಕೆಗಳ ಗದ್ದಲ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ಧೂಮಕೇತುವಿನ ಬೆಳಕು ಹಾಗೆಯೇ ಉಳಿಯುತ್ತದೆ. ಸಂಧ್ಯೆಯ ಆಕಾಶ ಕೆಳಗೆ ಕಿತ್ತಳೆ, ಮೇಲೆ ನೀಲಿಯಾಗಿ ಏರುಪೇರಾಗಿರುತ್ತದೆ. ಆ ಏರುಪೇರನ್ನು ಅಳೆದು ಕಳೆದರೆ ಬಾಲದ ತುದಿ ಹೊರಬರುತ್ತದೆ. ಇದು ಅಭಿಭವಕ್ಕೆ ಪರಿಹಾರ. ಸಂವೇದಕದ ಸ್ವಂತ ಕಲೆಗಳನ್ನು ತೆಗೆಯಲು ಲೆನ್ಸ್ ಮುಚ್ಚಿ ತೆಗೆದ ಕಪ್ಪು ಫ್ರೇಮನ್ನು ಕಳೆಯುವುದುಂಟು. ಇದು ಇಂದ್ರಿಯದ ಊನಕ್ಕೆ ಪರಿಹಾರ.

ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಇವೆಲ್ಲ ಕಾಣದಿರುವುದರ ಕಾರಣಗಳನ್ನು ಒಂದೊಂದಾಗಿ ತೆಗೆಯುವ ಕ್ರಮಗಳು. ಅಡ್ಡಿಯನ್ನು ತೆಗೆಯುವುದು ಬೇರೆ, ವಸ್ತುವನ್ನು ತಂದಿಡುವುದು ಬೇರೆ. ಪ್ರಾಮಾಣಿಕ ಚಿತ್ರಕ್ಕೂ ಕಪಟ ಚಿತ್ರಕ್ಕೂ ಗೆರೆ ಎಳೆಯಬೇಕಾದ ಜಾಗ ಇದೇ. ಚಿತ್ರದಲ್ಲಿರುವ ಬೆಳಕು ಆ ದಿಕ್ಕಿನಿಂದ, ಆ ಹೊತ್ತಿನಲ್ಲಿ ಬಂದದ್ದೇ ಆಗಿದ್ದರೆ ಅದನ್ನು ಎಷ್ಟು ಕೂಡಿಸಿದರೂ, ಎಷ್ಟು ಹಿಗ್ಗಿಸಿದರೂ ವಸ್ತುವಿನೊಡನೆ ಸಂಬಂಧ ಕಡಿಯುವುದಿಲ್ಲ.

ಕಣ್ಣಿಗೆ ಕಂಡಂತೆ ಇದ್ದರೆ ಮಾತ್ರ ಚಿತ್ರ ನಿಜ ಎನ್ನುವ ವಾದ ಆಗಾಗ ಕೇಳಿಬರುತ್ತದೆ. ಅದನ್ನು ಒಪ್ಪಲಾಗದು. ಧೂಮಕೇತುವಿನ ತಲೆಯ ಸುತ್ತಲಿನ ಹಸಿರು, ಎರಡು ಇಂಗಾಲದ ಪರಮಾಣುಗಳು ಕೂಡಿದ ಅಣು ಸೂರ್ಯನ ಬೆಳಕಿಗೆ ಮಿನುಗುವುದರಿಂದ ಬರುತ್ತದೆ. ಅನಿಲದ ಬಾಲದ ನೀಲಿ, ವಿದ್ಯುದಾವೇಶ ಪಡೆದ ಕಾರ್ಬನ್ ಮಾನಾಕ್ಸೈಡಿನದು. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿನ ಕೋಶಗಳು ಬಣ್ಣ ಗುರುತಿಸುವುದಿಲ್ಲ. ಹಾಗಾಗಿ ಕಣ್ಣಿಗೆ ಬೂದು, ಕ್ಯಾಮೆರಾಕ್ಕೆ ಹಸಿರು. ಆಕಾಶದಲ್ಲಿರುವುದು ಹಸಿರೇ. ಇತಿಹಾಸದಲ್ಲಿ ಇದರ ತಿರುವುಮುರುವು ಕೂಡ ನಡೆದಿದೆ. ಧೂಮಕೇತುವಿನ ಮೊದಲ ಫೋಟೋಗಳು 1858ರವು, ಡೊನಾಟಿ ಧೂಮಕೇತುವಿನವು. ಸೆಪ್ಟೆಂಬರ್ 27ರಂದು ಇಂಗ್ಲೆಂಡಿನ ವಿಲಿಯಂ ಅಷರ್‌ವುಡ್ ಅದನ್ನು ಹಿಡಿದ. ಮರುದಿನ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಜಾರ್ಜ್ ಬಾಂಡ್ ದೂರದರ್ಶಕಕ್ಕೆ ಫಲಕ ಜೋಡಿಸಿ ತೆಗೆದ. ಬಾಂಡ್‌ನ ಫಲಕದ ಮೇಲೆ ಮೂಡಿದ್ದು ನಾಭಿ ಮತ್ತು ಅದರ ಸುತ್ತಲಿನ ಸ್ವಲ್ಪ ಮಬ್ಬು ಮಾತ್ರ. ಆಕಾಶದಲ್ಲಿ ಬಾಗಿ ನಿಂತಿದ್ದ ಭವ್ಯವಾದ ಬಾಲವನ್ನು ಬರಿಗಣ್ಣಿನಿಂದ ನೋಡಿ ಕೈಯಲ್ಲಿ ಬಿಡಿಸಿದವರ ಚಿತ್ರಗಳೇ ಆ ಕಾಲಕ್ಕೆ ಹೆಚ್ಚು ಪೂರ್ಣವಾಗಿದ್ದವು. ಅಂದು ಕಣ್ಣು ಮುಂದಿತ್ತು, ಇಂದು ಸಂವೇದಕ ಮುಂದಿದೆ. ಯಾವುದೋ ಒಂದು ಇಂದ್ರಿಯವನ್ನು ಸತ್ಯದ ಅಳತೆಗೋಲಾಗಿ ಶಾಶ್ವತವಾಗಿ ನಿಲ್ಲಿಸಲು ಬರುವುದಿಲ್ಲ.

ಹಾಗಾದರೆ ಸುಳ್ಳು ಎಲ್ಲಿ ಹುಟ್ಟುತ್ತದೆ? ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಪೀಠಿಕೆಯಲ್ಲಿ ಅಧ್ಯಾಸವನ್ನು ವಿವರಿಸಿರುವ ಬಗೆ ಇಲ್ಲಿ ನೆರವಿಗೆ ಬರುತ್ತದೆ. ಹಿಂದೆ ಬೇರೆಲ್ಲೋ ಕಂಡದ್ದು ನೆನಪಿನ ರೂಪದಲ್ಲಿ ಎದುರಿನ ವಸ್ತುವಿನ ಮೇಲೆ ತೋರುವುದೇ ಅಧ್ಯಾಸ. ಸಂಜೆಯ ಪಡುವಣದಲ್ಲಿ ಮುಳುಗುವ ಸೂರ್ಯನ ಬೆಳಕು ಬಿದ್ದ ವಿಮಾನದ ಹೊಗೆಗೆರೆ ಧೂಮಕೇತುವಿನಂತೆಯೇ ಹೊಳೆಯುತ್ತದೆ. ಪತ್ರಿಕೆಯಲ್ಲಿ ಧೂಮಕೇತುವಿನ ಚಿತ್ರ ನೋಡಿ ಬಂದವರು ಅದನ್ನೇ ಧೂಮಕೇತುವೆಂದು ಹಿಡಿಯುತ್ತಾರೆ. ಇದು ಭ್ರಾಂತಿ, ಮೋಸವಲ್ಲ. ಬಾಧಕಜ್ಞಾನ, ಎಂದರೆ ಅದು ತಪ್ಪೆಂದು ತೋರಿಸುವ ಅರಿವು, ಬಂದೊಡನೆ ಅದು ಕಳಚಿ ಬೀಳುತ್ತದೆ. ಹತ್ತು ನಿಮಿಷ ಅಲ್ಲಿಯೇ ನಿಂತು ನೋಡಿದರೆ ಸಾಕು: ಹೊಗೆಗೆರೆ ಹರಡಿ ಚದುರುತ್ತದೆ, ಧೂಮಕೇತು ಸುತ್ತಲಿನ ನಕ್ಷತ್ರಗಳ ಜೊತೆ ಒಂದೇ ವೇಗದಲ್ಲಿ ಇಳಿಯುತ್ತದೆ. ಲೆನ್ಸಿನೊಳಗಿನ ಪ್ರತಿಫಲನವನ್ನೂ ಹೀಗೆಯೇ ಪರೀಕ್ಷಿಸಬಹುದು. ಕ್ಯಾಮೆರಾವನ್ನು ಸ್ವಲ್ಪ ಹೊರಳಿಸಿದರೆ ಪ್ರತಿಫಲನ ಜಾಗ ಬದಲಿಸುತ್ತದೆ, ಧೂಮಕೇತು ನಕ್ಷತ್ರಗಳ ನಡುವೆ ತನ್ನ ಜಾಗದಲ್ಲೇ ಇರುತ್ತದೆ.

ಗೊತ್ತಿದ್ದೂ ಮಾಡುವುದು ಬೇರೆ ಬಗೆ. ಉದ್ದ ಲೆನ್ಸಿನಲ್ಲಿ ತೆಗೆದ ಧೂಮಕೇತುವನ್ನು ಅಗಲ ಲೆನ್ಸಿನಲ್ಲಿ ತೆಗೆದ ಗೋಪುರದ ಮೇಲೆ ಅಂಟಿಸಿದರೆ ಧೂಮಕೇತು ಇದ್ದುದಕ್ಕಿಂತ ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ. ಎರಡೂ ತುಂಡುಗಳು ನಿಜ, ಅವುಗಳ ಸಂಬಂಧ ಸುಳ್ಳು. ಒಬ್ಬನ ಮನಸ್ಸಿನಲ್ಲಿ ಆಗುವ ಅಧ್ಯಾಸವನ್ನು ಇಲ್ಲಿ ಬೇಕೆಂದೇ ಸಾವಿರಾರು ಜನರ ಮನಸ್ಸಿನಲ್ಲಿ ಉಂಟುಮಾಡಲಾಗುತ್ತದೆ. ಈ ಎರಡರ ನಡುವೆ ಹೊಸದೊಂದು ವರ್ಗ ಈಚೆಗೆ ಸೇರಿಕೊಂಡಿದೆ. ಕೆಲವು ತಂತ್ರಾಂಶಗಳು ಅಸಂಖ್ಯ ಹಳೆಯ ಚಿತ್ರಗಳಿಂದ ಕಲಿತದ್ದನ್ನು ಬಳಸಿ, ಮಸುಕಾದ ಜಾಗದಲ್ಲಿ ಇರಬೇಕಾದದ್ದು ಏನೆಂದು ಊಹಿಸಿ ತುಂಬುತ್ತವೆ. ಶಂಕರರ ಲಕ್ಷಣದಲ್ಲಿ ನೆನಪಿಗೆ ಇರುವ ಸ್ಥಾನ ಇಲ್ಲಿ ಯಂತ್ರದ ನೆನಪಿಗೆ ಸಿಕ್ಕಿದೆ. ಚಿತ್ರ ತೆಗೆದವನಿಗೆ ಮೋಸದ ಉದ್ದೇಶವಿಲ್ಲ, ಯಂತ್ರಕ್ಕೆ ಉದ್ದೇಶವೆಂಬುದೇ ಇಲ್ಲ, ಆದರೂ ಆ ಬೆಳಕು ಆಕಾಶದಿಂದ ಬಂದದ್ದಲ್ಲ. ಅಂಥ ಸಾಧನ ಬಳಸುವವನು ಅದು ಏನು ಮಾಡುತ್ತದೆಂದು ತಿಳಿದುಕೊಳ್ಳುವುದು ಈಗ ಪ್ರಾಮಾಣಿಕತೆಯ ಭಾಗವೇ ಆಗಿದೆ. ತಿಳಿಯದೆ ಆಡಿದೆನೆಂಬ ಸಮಾಧಾನ ಮೊದಲ ಸಲಕ್ಕೆ ಸಲ್ಲುತ್ತದೆ, ಹತ್ತನೆಯ ಸಲಕ್ಕೆ ಸಲ್ಲದು.

ಸೇರಿಸುವುದಷ್ಟೇ ಅಲ್ಲ, ಅಳಿಸುವುದೂ ಸುಳ್ಳಾಗಬಹುದು. ಇದಕ್ಕೆ ಸುಚಿನ್‌ಶಾನ್–ಅಟ್ಲಾಸ್‌ಗಿಂತ ಒಳ್ಳೆಯ ನಿದರ್ಶನ ಸಿಗಲಾರದು. 2023ರ ಜನವರಿಯಲ್ಲಿ ಚೀನಾದ ಪರ್ಪಲ್ ಮೌಂಟನ್ ವೀಕ್ಷಣಾಲಯದವರೂ ಫೆಬ್ರುವರಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿರುವ ಅಟ್ಲಾಸ್ ದೂರದರ್ಶಕವೂ ಪ್ರತ್ಯೇಕವಾಗಿ ಪತ್ತೆಹಚ್ಚಿದ ಈ ಧೂಮಕೇತು 2024ರ ಸೆಪ್ಟೆಂಬರ್ 27ರಂದು ಸೂರ್ಯನಿಂದ ಸುಮಾರು 5.8 ಕೋಟಿ ಕಿಲೋಮೀಟರ್ ದೂರದಲ್ಲಿ, ಹೆಚ್ಚುಕಡಿಮೆ ಬುಧನಷ್ಟು ಹತ್ತಿರದಲ್ಲಿ ಹಾದುಹೋಯಿತು. ಅಕ್ಟೋಬರ್ 12ರಂದು ಭೂಮಿಗೆ ಸುಮಾರು 7 ಕೋಟಿ ಕಿಲೋಮೀಟರ್ ಸಮೀಪಕ್ಕೆ ಬಂದು ಪಡುವಣದ ಸಂಜೆಯಾಕಾಶಕ್ಕೆ ಏರಿತು. ಅದಾದ ಒಂದೆರಡು ದಿನಗಳಲ್ಲಿ ಭೂಮಿ ಆ ಧೂಮಕೇತುವಿನ ಕಕ್ಷೆಯ ಸಮತಲವನ್ನು ದಾಟಿತು. ಆಗ ತೆಗೆದ ಚಿತ್ರಗಳಲ್ಲಿ ದೊಡ್ಡ ಬಾಲ ಎಂದಿನಂತೆ ಸೂರ್ಯನಿಂದಾಚೆಗೆ ಹರಡಿದ್ದರೆ, ತಲೆಯ ಇನ್ನೊಂದು ಬದಿಯಿಂದ ಸೂಜಿಯಂಥ ತೆಳುವಾದ ಬಿಳಿಗೆರೆಯೊಂದು ಸೂರ್ಯನ ಕಡೆಗೇ ಚಾಚಿಕೊಂಡಿತ್ತು.

ಬಾಲ ಯಾವಾಗಲೂ ಸೂರ್ಯನಿಗೆ ವಿಮುಖವಾಗಿರುತ್ತದೆಂದು ಯುರೋಪಿನಲ್ಲಿ ಪೀಟರ್ ಏಪಿಯನ್ 1531ರ ಧೂಮಕೇತುವನ್ನು ನೋಡಿ ದಾಖಲಿಸಿದ್ದ. ಶಾಲೆಯ ಪುಸ್ತಕದಲ್ಲೂ ಅದೇ ಪಾಠ. ಅದನ್ನು ಓದಿದವನಿಗೆ ಈ ಗೆರೆ ಲೆನ್ಸಿನ ದೋಷವೆಂದೋ ಉಪಗ್ರಹದ ಹಾದಿಯೆಂದೋ ತೋರುವುದು ಸಹಜ, ಒಂದು ಕ್ಷಣದಲ್ಲಿ ಒರೆಸಿಹಾಕುವುದು ಸುಲಭ. ಒರೆಸಿದ್ದರೆ ಅಳಿಯುತ್ತಿದ್ದುದು ಆ ಧೂಮಕೇತುವಿನ ಅತ್ಯಂತ ವಿಶಿಷ್ಟ ಲಕ್ಷಣ. ಧೂಮಕೇತು ಬಿಟ್ಟುಹೋದ ಭಾರದ ಧೂಳಿನ ಕಣಗಳು ಸೂರ್ಯನ ಬೆಳಕಿನ ಒತ್ತಡಕ್ಕೆ ಬೇಗ ಮಣಿಯದೆ ಕಕ್ಷೆಯ ಸಮತಲದಲ್ಲೇ ಹಾಳೆಯಂತೆ ಹರಡಿರುತ್ತವೆ. ಭೂಮಿ ಆ ಸಮತಲಕ್ಕೆ ಬಂದಾಗ ಹಾಳೆಯನ್ನು ಅಂಚಿನಿಂದ ನೋಡಿದಂತಾಗಿ ಅದು ಗೆರೆಯಾಗಿ ಕಾಣುತ್ತದೆ, ನೋಟದ ಕೋನದಿಂದಾಗಿ ಸೂರ್ಯನತ್ತ ಚಾಚಿದಂತೆ ತೋರುತ್ತದೆ. ಇದಕ್ಕೆ ಪ್ರತಿಬಾಲವೆನ್ನಬಹುದು. 1957ರ ಏಪ್ರಿಲ್‌ನಲ್ಲಿ ಆರೆಂಡ್–ರೋಲಾಂಡ್ ಧೂಮಕೇತುವೂ ಇಂಥದ್ದನ್ನೇ ತೋರಿತ್ತು. ಅಜ್ಞಾನದಿಂದ ಹುಟ್ಟುವ ಸುಳ್ಳಿಗಿಂತ ಅರೆಜ್ಞಾನದಿಂದ ಹುಟ್ಟುವ ಈ ಸುಳ್ಳು ಹೆಚ್ಚು ಅಪಾಯದ್ದು. ಇದರಲ್ಲಿ ಸಿದ್ಧಾಂತಕ್ಕೆ ಒಪ್ಪದ ಪ್ರತ್ಯಕ್ಷವನ್ನೇ ಕೊಲ್ಲಲಾಗುತ್ತದೆ.

ಧೂಮಕೇತುವಿನ ಮೇಲೆ ಮನುಷ್ಯ ಹೇರಿದ್ದು ಬರೀ ರೂಪವಲ್ಲ, ಅರ್ಥವೂ ಹೌದು. ವರಾಹಮಿಹಿರನ ಬೃಹತ್ಸಂಹಿತೆಯ ಹನ್ನೊಂದನೆಯ ಅಧ್ಯಾಯ ಪೂರ್ತಿ ಕೇತುಗಳಿಗೆ ಮೀಸಲು. ಕೇತುಗಳ ಉದಯಾಸ್ತಗಳನ್ನು ಗಣಿತದಿಂದ ತಿಳಿಯಲು ಸಾಧ್ಯವಿಲ್ಲವೆಂದು ಅವನು ಆರಂಭದಲ್ಲೇ ಒಪ್ಪಿಕೊಳ್ಳುತ್ತಾನೆ. ಗ್ರಹಗತಿಯ ಲೆಕ್ಕದಲ್ಲಿ ನುರಿತ ಆರನೆಯ ಶತಮಾನದ ಗಣಿತಜ್ಞ ಹೀಗೆ ಹೇಳುವುದು ದೊಡ್ಡ ಪ್ರಾಮಾಣಿಕತೆ. ಕೇತುಗಳು ನೂರೊಂದು ಎನ್ನುವವರ, ಸಾವಿರ ಎನ್ನುವವರ, ಹಲವು ರೂಪಗಳಲ್ಲಿ ಬರುವುದು ಒಂದೇ ಕೇತು ಎನ್ನುವ ನಾರದನ ಮತಗಳನ್ನು ಅವನು ಪಕ್ಕಪಕ್ಕದಲ್ಲಿಡುತ್ತಾನೆ. ಚಲಕೇತುವಿನ ವರ್ಣನೆಯಂತೂ ಕಣ್ಣಾರೆ ಕಂಡವರ ದಾಖಲೆಯಂತಿದೆ: ಪಡುವಣದಲ್ಲಿ ಹುಟ್ಟಿ, ದಕ್ಷಿಣಕ್ಕೆ ಬೆರಳುದ್ದದ ಶಿಖೆ ಚಾಚಿ, ಉತ್ತರಕ್ಕೆ ಸರಿದಂತೆಲ್ಲ ಬೆಳೆದು, ಸಪ್ತರ್ಷಿ, ಧ್ರುವ, ಅಭಿಜಿತ್‌ಗಳನ್ನು ಮುಟ್ಟಿ, ಹಿಂದಿರುಗಿ ಅರ್ಧ ಆಕಾಶ ದಾಟಿ ದಕ್ಷಿಣದಲ್ಲಿ ಅಸ್ತವಾಗುವುದು. ಇದರ ಬೆನ್ನಿಗೇ ಫಲಗಳು ಬರುತ್ತವೆ: ಯಾವ ದೇಶಕ್ಕೆ ಕೇಡು, ಎಷ್ಟು ತಿಂಗಳು. ಒಂದೇ ಅಧ್ಯಾಯದಲ್ಲಿ ಕಂಡದ್ದೂ ಇದೆ, ಕಂಡದ್ದರ ಮೇಲೆ ಹೊದಿಸಿದ್ದೂ ಇದೆ. ಮೊದಲನೆಯದನ್ನು ಇಂದಿನ ಓದುಗ ಗೌರವದಿಂದ ಸ್ವೀಕರಿಸಬಹುದು. ಎರಡನೆಯದಕ್ಕೆ ಪ್ರತ್ಯಕ್ಷದ ಬೆಂಬಲವಿಲ್ಲ. ಹ್ಯಾಲಿ ಲೆಕ್ಕಹಾಕಿದ ಧೂಮಕೇತು 1758ರ ಡಿಸೆಂಬರ್‌ನಲ್ಲಿ ಮತ್ತೆ ಕಾಣಿಸಿದಾಗ, ಗಣಿತಕ್ಕೆ ನಿಲುಕದ್ದೆಂಬ ಮಾತೂ ಅದರ ಮಟ್ಟಿಗೆ ಹಳೆಯದಾಯಿತು.

ಹಾಗೆಂದು ಭಯ ಹುಟ್ಟಿಸುವುದು ಶಾಸ್ತ್ರಗ್ರಂಥಗಳ ಸ್ವತ್ತೇನಲ್ಲ. 1910ರಲ್ಲಿ ಹ್ಯಾಲಿ ಧೂಮಕೇತುವಿನ ಬಾಲದಲ್ಲಿ ವಿಷಕಾರಿ ಸಯನೋಜೆನ್ ಇದೆಯೆಂದು ರೋಹಿತ ವಿಶ್ಲೇಷಣೆ ತೋರಿಸಿತು, ಮೇ ತಿಂಗಳಲ್ಲಿ ಭೂಮಿ ಆ ಬಾಲದ ಮೂಲಕ ಹಾಯುವುದಿತ್ತು. ಎರಡೂ ಮಾತು ನಿಜ. ಬಾಲದ ಅನಿಲ ಎಷ್ಟು ವಿರಳವೆಂಬ ಮೂರನೆಯ ಮಾತು ಜನರಿಗೆ ಅಷ್ಟೇ ಬಲವಾಗಿ ಮುಟ್ಟದೆ ಹಲವು ದೇಶಗಳಲ್ಲಿ ಗಾಬರಿ ಹಬ್ಬಿತು. ಈ ಅಪಾಯವನ್ನು ಜೈನ ತಾರ್ಕಿಕರು ನಯವಾದದಲ್ಲಿ ವಿವರಿಸುತ್ತಾರೆ: ವಸ್ತುವನ್ನು ಒಂದು ನೆಲೆಯಿಂದ ನೋಡಿ ಹೇಳುವುದು ನಯ, ಬೇರೆ ನೆಲೆಗಳನ್ನು ಅಲ್ಲಗಳೆದು ಅದೇ ಪೂರ್ತಿ ಸತ್ಯವೆಂದು ಸಾಧಿಸಿದರೆ ಅದು ದುರ್ನಯ. ಪ್ರತಿಯೊಂದು ಚಿತ್ರವೂ ಒಂದು ನಯ. ನಿಂತ ಜಾಗ, ಹೊತ್ತು, ಲೆನ್ಸು, ಎಕ್ಸ್‌ಪೋಶರ್ ಎಲ್ಲವೂ ಅದರ ನೆಲೆ. ನೆಲೆಯನ್ನು ಹೇಳಿದ ಚಿತ್ರ ತನ್ನ ಮಿತಿಯಲ್ಲಿ ಸತ್ಯ. ಹೇಳದ ಚಿತ್ರ, ಯಾರು ಎಲ್ಲಿಂದ ನೋಡಿದರೂ ಧೂಮಕೇತು ಹೀಗೆಯೇ ಕಾಣುತ್ತದೆಂದು ಸೂಚಿಸುತ್ತದೆ. ಅದನ್ನು ನೋಡಿ ಮರುದಿನ ನಸುಕಿನಲ್ಲೆದ್ದು ಬಯಲಿಗೆ ಹೋದವರು ಬೂದುಬಣ್ಣದ ಸಣ್ಣ ಮಬ್ಬನ್ನು ಕಂಡು ನಿರಾಶರಾಗುತ್ತಾರೆ. ನಿಜವಾದ ಧೂಮಕೇತುವನ್ನು ಕಣ್ಣಾರೆ ಕಂಡೂ ಮೋಸಹೋದೆವೆಂದುಕೊಳ್ಳುವಂತೆ ಮಾಡುವುದು ಸಣ್ಣ ಅನ್ಯಾಯವಲ್ಲ.

ಇಲ್ಲಿಗೆ ಮೂಲಪ್ರಶ್ನೆಗೆ ಉತ್ತರ ಕೊಡಬಹುದು. ಚಿತ್ರ ತೆಗೆದವನ ಪಾಲಿಗೆ ಧೂಮಕೇತು ಪ್ರತ್ಯಕ್ಷ. ಚಿತ್ರ ನೋಡುವವನ ಪಾಲಿಗೆ ಅದು ಪ್ರತ್ಯಕ್ಷವಲ್ಲ. ಅವನ ಮುಂದಿರುವುದು ಇನ್ನೊಬ್ಬನ ಸಾಕ್ಷ್ಯ. ಪ್ರಮಾಣಗಳಲ್ಲಿ ಅದರ ಸ್ಥಾನ ಶಬ್ದದ್ದು, ಎಂದರೆ ಆಪ್ತನ ಮಾತಿನದು. ಕ್ಯಾಮೆರಾ ಸುಳ್ಳಾಡುವುದಿಲ್ಲವೆಂಬ ನಂಬಿಕೆ ಚಿತ್ರವನ್ನು ಪ್ರತ್ಯಕ್ಷದ ಪಂಕ್ತಿಯಲ್ಲಿ ಕೂರಿಸಿದ್ದರಿಂದಲೇ ಇಷ್ಟೆಲ್ಲ ಗೊಂದಲ. ಆಪ್ತನೆಂದರೆ ಯಾರೆಂಬುದನ್ನು ನ್ಯಾಯಭಾಷ್ಯಕಾರ ವಾತ್ಸ್ಯಾಯನ ವಿವರಿಸುತ್ತಾನೆ: ವಸ್ತುವನ್ನು ಸಾಕ್ಷಾತ್ತಾಗಿ ಅರಿತವನು, ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ನುಡಿಯುವವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನು ಸೇರಿಸುವುದು ಗಮನಾರ್ಹ. ಆಪ್ತತ್ವ ಹುಟ್ಟಿನಿಂದಲೋ ಪದವಿಯಿಂದಲೋ ಬರುವುದಿಲ್ಲ, ಬೆಲೆಬಾಳುವ ಉಪಕರಣದಿಂದಲೂ ಬರುವುದಿಲ್ಲ. ಹಳೆಯ ಕ್ಯಾಮೆರಾ ಹಿಡಿದ ಹಳ್ಳಿಯ ಹುಡುಗಿ ಕಂಡದ್ದನ್ನು ಕಂಡಂತೆ ತೋರಿಸಿದರೆ ಅವಳು ಆಪ್ತಳು.

ಆಪ್ತವಾಕ್ಯಕ್ಕೂ ಪರೀಕ್ಷೆ ಇದೆ, ಅದು ಸಂವಾದ: ಬೇರೆ ಅರಿವುಗಳೊಡನೆ ತಾಳೆಯಾಗುವುದು. 1949ರಲ್ಲಿ ಹಾರ್ವರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದ ವೇಣು ಬಾಪು ಆಕಾಶದ ಛಾಯಾಫಲಕವೊಂದರ ಮೇಲೆ ಅಪರಿಚಿತ ಕಾಯವನ್ನು ಗುರುತಿಸಿದರು. ಅದು ಬಾಪು–ಬಾಕ್–ನ್ಯೂಕರ್ಕ್ ಧೂಮಕೇತುವೆಂದು ಹೆಸರಾಯಿತು. ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದವರು ಅವರೇ. ಫಲಕದ ಮೇಲಿನ ಗುರುತು ಶೋಧವಾದದ್ದು ಅದರ ದಿನ, ಹೊತ್ತು, ದಿಕ್ಕು ದಾಖಲಾಗಿದ್ದರಿಂದ, ಇತರರು ಅದನ್ನು ಆಕಾಶದಲ್ಲಿ ಹುಡುಕಿ ತಾಳೆನೋಡಲು ಸಾಧ್ಯವಾದ್ದರಿಂದ.

ಧೂಮಕೇತುವಿನ ಚಿತ್ರವನ್ನು ಹಂಚಿಕೊಳ್ಳುವವರು ಅದರ ಕೆಳಗೆ ದಿನಾಂಕ, ಹೊತ್ತು, ಊರು, ಲೆನ್ಸು, ಎಕ್ಸ್‌ಪೋಶರ್, ಕೂಡಿಸಿದ ಫ್ರೇಮ್‌ಗಳ ಸಂಖ್ಯೆ, ಮುನ್ನೆಲೆಯನ್ನು ಬೇರೆ ಹೊತ್ತಿನಲ್ಲಿ ತೆಗೆದಿದ್ದರೆ ಆ ಸಂಗತಿ, ಇಷ್ಟನ್ನು ಎರಡು ಸಾಲಿನಲ್ಲಿ ಬರೆಯಬೇಕು. ಮೂಲ ಕಡತವನ್ನು ಅಳಿಸದೆ ಇಟ್ಟುಕೊಳ್ಳಬೇಕು. 2024ರ ಧೂಮಕೇತು 80,000 ವರ್ಷಕ್ಕೊಮ್ಮೆ ಬರುವಂಥದ್ದೆಂದು ಸುದ್ದಿಗಳಲ್ಲಿ ಧಾರಾಳವಾಗಿ ಹೇಳಲಾಯಿತು. ಅದರ ಹಾದಿ ಸೌರವ್ಯೂಹಕ್ಕೆ ಎಷ್ಟು ಸಡಿಲವಾಗಿ ಕಟ್ಟಿಕೊಂಡಿದೆಯೆಂದರೆ ಅದು ಮರಳುವುದೇ ಖಚಿತವಿಲ್ಲ. ಮುಂದಿನವರು ಅದನ್ನು ಅರಿಯಬೇಕಾದದ್ದು ಈಗಾಗಲೇ ತೆಗೆದಿರುವ ಚಿತ್ರಗಳಿಂದ ಮತ್ತು ಅವುಗಳ ಕೆಳಗೆ ಬರೆದಿಟ್ಟ ಮಾತಿನಿಂದ.